ಬಂತು ಎನ್ನುವ ಪೆಟ್ಟಿಗೆಗಳು

ನಮ್ಮೂರಿನ ಗಾಳಿ ಒಂದು ಸಲಕ್ಕೆ ಏಳು ಮಾತು ಹೊರುತ್ತದೆ. ಎಂಟನೆಯದನ್ನು ಹೇರಿದರೆ ದಾರಿಯಲ್ಲೇ ಚೆಲ್ಲಿಬಿಡುತ್ತದೆ. ಕೈಗೆ ಕೈ ತಾಗುವಷ್ಟು ಹತ್ತಿರ ನಿಂತು ಆಡುವ ಮಾತಿಗೆ ಈ ಕಟ್ಟಳೆ ಇಲ್ಲ, ಗೋಡೆಯೊಳಗಿನ ಮಾತಿಗೂ ಇಲ್ಲ. ಬಯಲಿಗೆ ಬಂದು ದೂರದವರನ್ನು ಕರೆದಿರೋ, ಮಾತು ಗಾಳಿಯ ಹೆಗಲೇರಲೇಬೇಕು, ಗಾಳಿ ಎಣಿಸದೆ ಬಿಡುವುದಿಲ್ಲ. ಚುನಾವಣೆಗೆ ನಿಂತವರು ಬಂದು 'ಮಾನ್ಯರೇ, ಬಂಧುಗಳೇ, ತಾಯಂದಿರೇ, ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ತಮ್ಮಂದಿರೇ' ಎನ್ನುವಷ್ಟರಲ್ಲಿ ಭಾಷಣ ಮುಗಿದಿರುತ್ತದೆ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಇಂಥ ಪುಣ್ಯ ಬೇರೆ ಯಾವ ಊರಿಗಿದೆ?

ಚೆಲ್ಲಿದ ಮಾತು ಸಾಯುವುದಿಲ್ಲ. ನಾಲ್ಕು ದಿನಕ್ಕೋ ವಾರಕ್ಕೋ ಇನ್ನೆಲ್ಲೋ ಹೋಗಿ ಬೀಳುತ್ತದೆ. ನಮ್ಮ ಹಿತ್ತಿಲ ನುಗ್ಗೆಮರದ ಬುಡದಲ್ಲಿ ಒಂದು ಮಧ್ಯಾಹ್ನ 'ಮಾಡಿಕೊಂಡರೆ ಅವಳನ್ನೇ' ಎಂದು ಗಂಡುದನಿಯೊಂದು ಬಿದ್ದು, ಅಮ್ಮ ಎರಡು ವಾರ ನನ್ನನ್ನು ಓರೆಗಣ್ಣಿನಿಂದ ನೋಡಿದಳು. ದನಿ ಯಾರದೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಆ 'ಅವಳು' ನಾನಲ್ಲವೆಂಬುದೂ ಗೊತ್ತಿತ್ತಲ್ಲ, ಆ ಸಿಟ್ಟಿಗೆ.

ಊರಿನ ಅನ್ನ ಇರುವುದು ಉಪ್ಪಿನ ಆಗರದಲ್ಲಿ. ಒಂದು ತುದಿಗೆ ಹರಳು ಕಟ್ಟುವ ಪಾತಿಗಳು, ಇನ್ನೊಂದು ತುದಿಗೆ ಕಡಲಬಾಗಿಲು, ನಡುವೆ ಒಂದೂವರೆ ಮೈಲಿ ಕೆಸರು, ಕಾಲುವೆ ಮತ್ತು ಹದಿಮೂರು ಬದುಗಳು. ಪಾತಿಯ ನೀರು ಇಪ್ಪತ್ತೈದು ಡಿಗ್ರಿಯಷ್ಟು ಗಟ್ಟಿಯಾದರೆ ಹರಳು ಕಟ್ಟುತ್ತದೆ. ಇಪ್ಪತ್ತೊಂಬತ್ತು ದಾಟಿತೋ, ಕಹಿ. ಕಹಿಯಾಗುವ ಮೊದಲು ಕಡಲಿನಿಂದ ಹೊಸ ನೀರು ಬರಬೇಕು, ಹೆಚ್ಚು ಬಂದರೆ ಕಟ್ಟಿದ ಹರಳೂ ಕರಗಿಹೋಗುತ್ತದೆ. ಬಾಗಿಲಿನ ಎಷ್ಟು ಹಲಗೆ ತೆಗೆಯಬೇಕೆಂಬುದು ಪಾತಿಗೆ ಗೊತ್ತು. ತೆಗೆಯುವ ಬೊಮ್ಮಯ್ಯಣ್ಣ ಕೂತಿರುವುದು ಕಡಲಬಾಗಿಲಲ್ಲಿ. ಹುಣ್ಣಿಮೆ ಅಮಾಸೆಯ ದೊಡ್ಡ ಉಬ್ಬರ ನೆತ್ತಿ ಮುಟ್ಟುವುದು ಮಧ್ಯಾಹ್ನದ ಹೊತ್ತಿಗೆ, ನಿಲ್ಲುವುದು ಅರ್ಧ ಗಂಟೆ. ಜಾರುವ ಬದುಗಳ ಮೇಲೆ ಓಡಿ ಮುಟ್ಟಿಸೋಣವೆಂದರೆ ಮುಕ್ಕಾಲು ಗಂಟೆ. ಮೊಬೈಲಿನ ಕಡ್ಡಿಗಳು ಬಸ್‌ಸ್ಟ್ಯಾಂಡ್ ದಾಟಿ ಈಚೆಗೆ ಬರುವುದಿಲ್ಲ. ತಂತಿ ಎಳೆದರೆ ಉಪ್ಪು ಅದನ್ನು ಒಂದೇ ಬೇಸಿಗೆಯಲ್ಲಿ ಹಪ್ಪಳ ಮಾಡಿ ಮುರಿದುಹಾಕುತ್ತದೆ.

ಹಾಗಾಗಿ ಕೂಗುಸಾಲು. ಹದಿಮೂರು ಬದುವಿಗೆ ಹದಿಮೂರು ಹೆಂಗಸರು. ಪಾತಿಯ ಬದಿಯ ಮೊದಲ ಬದುವಿನಲ್ಲಿ ಮಂಕಾಳಿ ದೊಡ್ಡಮ್ಮ. ಅವಳು ನನ್ನ ಅಮ್ಮನ ಅಕ್ಕನಲ್ಲ, ಊರಿಗೇ ದೊಡ್ಡಮ್ಮ. ಅವಳು ಕೂಗಿದ್ದನ್ನು ಎರಡನೆಯವಳು ಹಿಡಿದು ಮೂರನೆಯವಳಿಗೆ, ಮೂರನೆಯವಳು ನಾಲ್ಕನೆಯವಳಿಗೆ, ಹೀಗೆ ತುಂಡು ತುಂಡಾಗಿ ಸುದ್ದಿ ಕಡಲಬಾಗಿಲು ಮುಟ್ಟುತ್ತಿತ್ತು. ಏಳು ವರ್ಷಕ್ಕೇ ಆ ಹದಿಮೂರೂ ಗಂಟಲು ನನ್ನ ಗಂಟಲಿನಲ್ಲಿದ್ದವು. ಮದುವೆ, ನಾಮಕರಣ, ಉಪ್ಪಿನವರ ಸೊಸೈಟಿಯ ವಾರ್ಷಿಕ ಸಭೆ, ಎಲ್ಲೇ ನಾಲ್ಕು ಜನ ಸೇರಲಿ, 'ಲೋಲಾಕ್ಷೀ, ಒಂಚೂರು ಕೂಗುಸಾಲು ಮಾಡೇ' ಎನ್ನುವರು, ನಾನು ಮಾಡುವೆ. ಸೊಂಟಕ್ಕೆ ಎಡಗೈ ಕೊಟ್ಟು, ಗದ್ದ ಎತ್ತಿ, 'ಬೊಮ್ಮಯ್ಯಗೇಏಏ' ಎಂದು ಮಂಕಾಳಿಯಾಗಿ ಎಳೆದರೆ ಹಂದರವೇ ಅಲುಗುವಂತೆ ನಗುವರು. ಯಾವುದಕ್ಕೆ ನಗು ಬರುತ್ತದೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುವುದು ಅಣಕದ ಕಸುಬು. ಆ ಕಸುಬಿನಲ್ಲಿ ನನ್ನ ಕತ್ತರಿ ಬಲು ಹರಿತ.

ಆಮೇಲೆ ನಾನು ಹೊರಗಿನ ಕಾಲೇಜಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯೂನಿಕೇಷನ್ ಓದಿದೆ. ಅಲ್ಲಿ ಜನ ಒಂದೇ ಉಸಿರಿಗೆ ಮೂವತ್ತು ಮಾತು ಆಡಿ ಒಂದೂ ಹೇಳದೆ ಇರುವುದನ್ನು ನೋಡಿ ಬೆರಗಾದೆ. ಪದವಿ ಹಿಡಿದು ಊರಿಗೆ ಬರುವ ಹೊತ್ತಿಗೆ ಕೂಗುಸಾಲಿನಲ್ಲಿ ಉಳಿದದ್ದು ಐವರು. ಕೆಲವರು ತೀರಿಕೊಂಡಿದ್ದರು, ಕೆಲವರ ಗಂಟಲು ತೀರಿಕೊಂಡಿತ್ತು. ಖಾಲಿ ಬದುಗಳ ನಡುವೆ ಆ ಐವರೇ ಕೂಗುತ್ತ ಓಡುತ್ತ, ಓಡುತ್ತ ಕೂಗುತ್ತ ಎರಡು ವರ್ಷ ಎಳೆದಿದ್ದರು. ಇತ್ತ ಸೊಸೈಟಿಯವರು ಯಾವುದೋ ಅನುದಾನದಲ್ಲಿ ಹದಿನಾರು ಡೇಟಾ ಲಾಗರ್ ತಂದು ಹದಿಮೂರನ್ನು ಬದುಗಳ ಮೇಲೂ ಮೂರನ್ನು ಪಕ್ಕದ ಅಡ್ಡಬದುವಿನ ಮೇಲೂ ನೆಟ್ಟಿದ್ದರು. ಊರಿನ ಬಾಯಲ್ಲಿ ಅವು ಬರೀ ಪೆಟ್ಟಿಗೆಗಳು. ನೀರಿನಲ್ಲಿ ಒಂದು ಕಾಲು ಇಳಿಬಿಟ್ಟು, ಹತ್ತು ನಿಮಿಷಕ್ಕೊಮ್ಮೆ ನೀರು ಎಷ್ಟು ಗಟ್ಟಿ, ಎಷ್ಟು ಎತ್ತರ, ಎಷ್ಟು ಬಿಸಿ ಎಂದು ತಮ್ಮೊಳಗೇ ಬರೆದಿಟ್ಟುಕೊಳ್ಳುತ್ತಿದ್ದವು. ಬರೆದದ್ದು ಬೇಕಾದರೆ ಲ್ಯಾಪ್‌ಟಾಪ್ ಹೊತ್ತು ಅವುಗಳ ಕಾಲಬುಡಕ್ಕೇ ಹೋಗಬೇಕು. ಲೆಕ್ಕಕ್ಕೆ ಜಾಣ, ಮಾತಿಗೆ ಮೂಗ.

ಸೊಸೈಟಿಯ ಕಾರ್ಯದರ್ಶಿ ಹಮ್ಮಣ್ಣ ನನ್ನನ್ನು ಕಚೇರಿಗೆ ಕರೆಸಿದ. ಗಂಟಲು ಮೂರು ಸಲ ಕೆರೆದುಕೊಳ್ಳದೆ ಅವನ ಬಾಯಿಂದ ಮಾತು ಹೊರಡುವುದಿಲ್ಲ. "ಅಂದ್ರೆ ಎಂತ ಅಂದ್ರೆ, ಲೋಲಾಕ್ಷಿ, ಸಿಗಡಿ ಕಂಪನಿಯೋರು ಬಂದಿದ್ರು. ಇಡೀ ಆಗರ ಸಿಗಡಿ ಹೊಂಡ ಮಾಡ್ತಾರಂತೆ. ಸಭೆಯಲ್ಲಿ ಅರ್ಧ ಜನ ಆಗ್ಲಿ ಅಂತಾರೆ. ಸುದ್ದಿ ಮುಟ್ಟದೆ ಎಷ್ಟು ವರ್ಷ ಉಪ್ಪು ತೆಗಿಯೂದು? ನಾ ಮೂರು ದೊಡ್ಡ ಉಬ್ಬರದ ಗಡುವು ಕೇಳಿಕೊಂಡಿದ್ದೆ. ಮೂರರಲ್ಲಿ ಒಂದಾದ್ರೂ ಆ ಪೆಟ್ಟಿಗೆಗಳು ಪಾತಿಯ ಸುದ್ದಿ ಬಾಗಿಲಿಗೆ ಸರಿಯಾಗಿ ಮುಟ್ಟಿಸ್ಬೇಕು. ಇಲ್ಲಾಂದ್ರೆ ಆಗರ ಅವರಿಗೆ."

"ಮುಟ್ಟಿಸ್ತೇನೆ," ಎಂದೆ. "ಪ್ಯಾಕೆಟ್ ಪ್ಯಾಕೆಟ್ ಮಾಡಿ ಕಳಿಸಿದ್ರಾಯ್ತು."

"ಪ್ಯಾಕೆಟ್ ಮಾಡೂದು ಬೇಡ ಮಾರಾಯ್ತಿ, ನಾವು ಮೂಟೆಯಲ್ಲೇ ಮಾರೂದು," ಎಂದ ಹಮ್ಮಣ್ಣ, ಉಪ್ಪಿನ ಬಗ್ಗೆ ಎಂದುಕೊಂಡು. ಆ ವಾರವಿಡೀ ನಾನು ಅವನ ಗಂಟಲಿನಲ್ಲೇ ಈ ಮಾತನ್ನು ಊರಿಗೆಲ್ಲ ಹಂಚಿದೆ.

ಹದಿನಾರು ಪೆಟ್ಟಿಗೆಗಳ ನೆತ್ತಿಗೂ ರೇಡಿಯೋ ಕೂರಿಸಿ, ಎದೆಗೆ ಪುಟ್ಟ ಪರದೆ ಅಂಟಿಸಿ, ಗೇಣುದ್ದದ ಆಂಟೆನಾ ನೆಟ್ಟೆ. "ಆಂಟಿಯರನ್ನ ಬಿಟ್ಟು ಆಂಟೆನಾ ಹಿಡ್ಕೊಂಡ್ಳು ನೋಡಿ," ಎಂದು ನನ್ನನ್ನು ನಾನೇ ಹಂಗಿಸಿಕೊಂಡರೆ ಕೂಗುಸಾಲಿನವರು ನಗಲಿಲ್ಲ. ಐವರೂ ಬದುವಿನ ಮೇಲೆ ಸಾಲಾಗಿ ಕೂತು, ಹೊಸ ಸೊಸೆ ಒಲೆ ಹಚ್ಚುವುದನ್ನು ನೋಡುವ ಅತ್ತೆಯರ ಹಾಗೆ ನೋಡುತ್ತಿದ್ದರು. ನನ್ನ ಉತ್ಸಾಹಕ್ಕೆ ಅದೆಲ್ಲ ತಾಗಲಿಲ್ಲ. ಕಾಲೇಜಿನಲ್ಲಿ ಪ್ರಥಮ ದರ್ಜೆ ಬಂದ ಪಾಠ ಇದೇ ಅಲ್ಲವೇ?

ಮೊದಲ ಹುಣ್ಣಿಮೆ ಬಂತು. ಮಧ್ಯಾಹ್ನ ಉಬ್ಬರ ನೆತ್ತಿಗೇರಿದಾಗ ಪಾತಿಯ ಪೆಟ್ಟಿಗೆಗೆ ಸುದ್ದಿ ಕಳಿಸೆಂದು ಅಪ್ಪಣೆ ಕೊಟ್ಟೆ. ರೇಡಿಯೋ ಮಾಡಿದವರು ಅದರ ಪ್ರತಿ ಪ್ಯಾಕೆಟ್ಟಿಗೂ, ಅಂದರೆ ಸುದ್ದಿಯ ಪ್ರತಿ ಕಟ್ಟಿಗೂ, ಒಂದು ಮೆರವಣಿಗೆ ಕಟ್ಟಿದ್ದರು: ಮೊದಲು ಕಂಪನಿಯ ಗುರುತು, ಆಮೇಲೆ ಮಾದರಿ, ತಯಾರಾದ ವರ್ಷ, ತಾರೀಕು, ಬ್ಯಾಟರಿ, ಹೀಗೆ ನಲವತ್ತು ಅಂಕಿ ನಡೆದ ಮೇಲೆ ಕಟ್ಟಕಡೆಗೆ ನೀರಿನ ವಿಷಯ. ನಮ್ಮ ಗಾಳಿಗೆ ಬಾಯಿಯ ಮಾತು, ರೇಡಿಯೋ ಮಾತು ಎಂಬ ಪಂಕ್ತಿಭೇದವಿಲ್ಲ. ಏಳು ಅಂಕಿ ಹೊತ್ತು ಉಳಿದದ್ದನ್ನು ಕೆಸರಿಗೆ ಸುರಿಯಿತು. ಡೇಟಾ ದಾಟಲೇ ಇಲ್ಲ. ಸಂಜೆ ಬೊಮ್ಮಯ್ಯಣ್ಣ ಕಡಲಬಾಗಿಲಿನಿಂದ ಬಂದು, ಲುಂಗಿ ಕೊಡವಿ ಹೇಳಿದ್ದು: "ಆ ಪೆಟ್ಟಿಗೆ ಹನ್ನೆರಡು ಸಲ ತನ್ನ ಮನೆತನ ಹೇಳ್ತು ಮಗಾ. ವಿಷಯ ಹೇಳ್ಲಿಲ್ಲ. ನಾ ದೇವರ ಮೇಲೆ ಭಾರ ಹಾಕಿ ಎರಡು ಹಲಗೆ ತೆಗ್ದೆ." ದೇವರು ಆ ಸಲ ಭಾರ ಹೊತ್ತ, ಉಪ್ಪಿಗೆ ಏನೂ ಆಗಲಿಲ್ಲ. ಹಮ್ಮಣ್ಣ ಬೆರಳು ಮಡಿಸಿ "ಒಂದು" ಎಂದ.

ಹದಿನೈದು ದಿನ ಕೂತು ಆ ಮೆರವಣಿಗೆಯನ್ನೆಲ್ಲ ಕಿತ್ತುಹಾಕಿದೆ. ಯಾರಿಗೆ, ಯಾವ ಪಾತಿ, ಎಷ್ಟು ಡಿಗ್ರಿ, ಎಷ್ಟು ಹಲಗೆ, ಅಷ್ಟೇ. ಏಳರೊಳಗೆ ಬಿಗಿಯಾಗಿ ಕಟ್ಟಿದ ಪುಟ್ಟ ಪುಟ್ಟ ಪ್ಯಾಕೆಟ್ಟುಗಳು. ಗಾಳಿ ಸುಮ್ಮನಿದ್ದ ದಿನಗಳಲ್ಲಿ ಬದುವಿನಿಂದ ಬದುವಿಗೆ ಗುಬ್ಬಿಯ ಹಾಗೆ ಪುರ್ರನೆ ಹಾರಿದವು. ನಾನು ಅಂಗಳದಲ್ಲಿ ಕಾಲು ನೆಲಕ್ಕೆ ತಾಗದಂತೆ ಓಡಾಡಿದೆ. ಅಮಾಸೆಯ ದಿನ ಗಾಳಿ ಎದ್ದಿತು. ದೊಡ್ಡಪಾತಿಯ ನೀರು ಇಪ್ಪತ್ತೆಂಟು ಡಿಗ್ರಿ ಎಂಬ ಸುದ್ದಿ ಒಂಬತ್ತನೆಯ ಬದುವಿನ ಹತ್ತಿರ ಎಲ್ಲೋ ಕಳೆದುಹೋಯಿತು. ಕಳೆದದ್ದು ಕಳುಹಿಸಿದ ಪೆಟ್ಟಿಗೆಗೆ ಗೊತ್ತಾಗಲಿಲ್ಲ. ತನ್ನ ಪಾಲಿನದನ್ನು ಹೇಳಿ ಮರೆತುಬಿಟ್ಟಿತ್ತು. ಬಾಗಿಲಿನ ಪಕ್ಕದ ಹದಿಮೂರನೆಯ ಪೆಟ್ಟಿಗೆಗೂ ಗೊತ್ತಾಗಲಿಲ್ಲ; ಏಕೆಂದರೆ ಎಂಟು ದಿನದ ಹಿಂದೆ ಚೆಲ್ಲಿಹೋಗಿದ್ದ ಒಂದು ಇಪ್ಪತ್ತೆರಡು ಸರಿಯಾಗಿ ಆ ಗಳಿಗೆಗೇ ಬಂದು ಅದರ ಕಿವಿಗೆ ಬಿತ್ತು. ಬೊಮ್ಮಯ್ಯಣ್ಣ ಅದರ ಪರದೆ ನೋಡಿ, ಇಪ್ಪತ್ತೆರಡಕ್ಕೆ ಒಂದೇ ಹಲಗೆ ಸಾಕೆಂದು ಒಂದೇ ತೆಗೆದ.

ಮೂರನೆಯ ದಿನಕ್ಕೆ ದೊಡ್ಡಪಾತಿ ಕಹಿಯಾಯಿತು. ಅದು ಮಂಕಾಳಿ ದೊಡ್ಡಮ್ಮನ ಪಾಲಿನ ಪಾತಿ. ಅವಳು ಬಗ್ಗಿ ಒಂದು ಚಿಟಿಕೆ ಎತ್ತಿ ನಾಲಿಗೆಗೆ ಹಾಕಿಕೊಂಡಳು. ನಾನು ಎದುರಿಗೇ ಇದ್ದೆ. ಉಗುಳಲಿಲ್ಲ, ನುಂಗಿದಳು. ಬೈದಿದ್ದರೆ ಅವಳ ಬೈಗುಳವನ್ನು ಅವಳ ದನಿಯಲ್ಲೇ ನಾನು ನಾಳೆ ಯಾರಿಗಾದರೂ ಮಾಡಿ ತೋರಿಸಿ ಹಗುರಾಗಬಹುದಿತ್ತು. ಅವಳು ಬೈಯಲಿಲ್ಲ. ಪಾತಿಯ ಆಚೆ ಸಿಗಡಿ ಕಂಪನಿಯ ಮನುಷ್ಯನೊಬ್ಬ ಬಿಳಿ ಬೂಟು ಹಾಕಿಕೊಂಡು, ಟೇಪು ಹಿಡಿದು ಬದುವಿನ ಉದ್ದ ಅಳೆಯುತ್ತಿದ್ದ. ಹಮ್ಮಣ್ಣ ಎರಡನೆಯ ಬೆರಳು ಮಡಿಸಿದ.

ಆ ಸಂಜೆ ಸೊಸೈಟಿಯ ಜಗಲಿಯಲ್ಲಿ ಕೂಗುಸಾಲಿನ ಐವರೂ ಕೂತಿದ್ದರು, ಚಹಾ ಆರುತ್ತಿತ್ತು. ಐವರಲ್ಲಿ ಕಿರಿಯವಳಾದ ದೇವಿ ಚಿಕ್ಕಮ್ಮನಿಗೆ, ಅರವತ್ತಕ್ಕೆ ಕಿರಿಯವಳು, ಮೌನ ಎಂದರೆ ಆಗದು. "ಎಂತಾ ಸಾವಿನ ಮನೆ ಹಾಗೆ! ಲೋಲಾ, ಕೂಗುಸಾಲಾದ್ರೂ ಮಾಡೇ. ಆಗರ ಹೋದ್ಮೇಲೆ ಅದೊಂದೇ ಉಳಿಯೂದು." ನನಗೆ ಮನಸ್ಸಿರಲಿಲ್ಲ. ಆದರೆ ಮಾಡು ಎಂದಾಗ ಮಾಡದೆ ಇದ್ದ ರೂಢಿಯೂ ಇರಲಿಲ್ಲ. ಎದ್ದು ನಿಂತೆ, ಎಡಗೈ ಸೊಂಟಕ್ಕೆ, ಗದ್ದ ಮೇಲಕ್ಕೆ: "ಬೊಮ್ಮಯ್ಯಗೇಏಏ! ದೊಡ್ಡಪಾತಿ ಇಪ್ಪತ್ತೆಂಟೂಊಊ!" ಆಮೇಲೆ ಎರಡನೆಯ ಬದುವಿನವಳಾಗಿ, ಮೂರನೆಯವಳಾಗಿ, ಮೂಗಿನಲ್ಲಿ ಕೂಗುವ ದೇವಿಯಾಗಿ, ಸರಸರನೆ ಹದಿಮೂರು ಬದು ದಾಟಿ ಬಾಗಿಲಿಗೆ ಹೋದೆ. ನಾಲ್ವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮಂಕಾಳಿ ದೊಡ್ಡಮ್ಮ ಚಹಾದ ಲೋಟ ಕೆಳಗಿಟ್ಟಳು.

"ಚಂದ ಮಾಡ್ತೀ," ಎಂದಳು. "ಆದ್ರೆ ಅರ್ಧವೇ ಮಾಡ್ತೀ. ಸಣ್ಣವಳಿದ್ದಾಗಿಂದ್ಲೂ ಅರ್ಧವೇ."

"ಅರ್ಧ ಎಂತ ದೊಡ್ಡಮ್ಮ? ಹದಿಮೂರೂ ಆಯ್ತಲ್ಲ!"

"ಕೂಗಿದ್ದು ಮಾಡ್ದೆ. ಕೂಗಿದ್ಮೇಲೆ ನಾ ಎಂತ ಮಾಡ್ತೆ, ಹೇಳು?"

ನಾನು ಯೋಚಿಸಿದೆ. ಕೂಗಿದ ಮೇಲೆ ಅವಳು ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ನಿಂತಿರುತ್ತಿದ್ದಳು. ಸುಮ್ಮನೆ ನಿಂತದ್ದಕ್ಕೆ ಯಾವ ಮದುವೆ ಹಂದರದಲ್ಲಿ ಯಾರು ನಗುತ್ತಾರೆ? "ಎಂತ ಇಲ್ಲ. ನಿಂತಿರ್ತಿದ್ದೆ," ಎಂದೆ.

"ನಿಂತಿರ್ತಿದ್ದೆ!" ಮಂಕಾಳಿ ದೊಡ್ಡಮ್ಮ ಉಳಿದವರ ಕಡೆ ತಿರುಗಿದಳು. "ಕೇಳಿದ್ರಾ? ಕಾಲೇಜಿಗೆ ಹೋಗಿ ಬಂದ್ಲು. ನಾಳೆ ಬೆಳಿಗ್ಗೆ ಬದುವಿಗೆ ಬಾ. ಪೆಟ್ಟಿಗೆ ತರ್ಬೇಡ."

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಮೊದಲ ಬದುವಿನಲ್ಲಿ ತನ್ನ ಪಕ್ಕಕ್ಕೇ ನಿಲ್ಲಿಸಿಕೊಂಡಳು. ಆರನೆಯ ಬದುವಿನ ದೇವಿಯನ್ನು ಅಂದು ಎರಡನೆಯದಕ್ಕೆ ಕಳಿಸಿದ್ದಳು. ದೊಡ್ಡಮ್ಮ ಮೊದಲು ಸೆರಗಿನ ತುದಿಗೆ ಒಂದು ಗಂಟು ಹಾಕಿದಳು. ಆಮೇಲೆ ಕೂಗಿದಳು: "ತದಿಗೆ! ಬೊಮ್ಮಯ್ಯಗೆ! ಮೂರರಲ್ಲಿ ಒಂದು! ದೊಡ್ಡಪಾತಿ ಮೂವತ್ತು!" ಕೂಗಿ ನಿಂತಳು. ಅಂಗೈ ಕಿವಿಯ ಹಿಂದೆ ಹೋಯಿತು. ತುಟಿ ಮೆಲ್ಲಗೆ ಒಂದು, ಎರಡು, ಮೂರು ಎಂದು ಎಣಿಸುತ್ತಿತ್ತು. ಆರಕ್ಕೆ ದೂರದಿಂದ ದೇವಿಯ ಮೂಗುದನಿ ತೇಲಿ ಬಂತು: "ಒಂದು ಬಂತೂಊ!" ದೊಡ್ಡಮ್ಮ ಗಂಟು ಬಿಚ್ಚಿದಳು.

ಹುಟ್ಟಿದಾಗಿನಿಂದ ಆ 'ಬಂತು' ಕೇಳಿದ್ದೆ. ಮನೆಗೆ ಬಂದವರಿಗೆ 'ಬನ್ನಿ ಕೂತ್ಕೊಳ್ಳಿ' ಎನ್ನುವ ಹಾಗೆ ಒಂದು ಉಪಚಾರದ ಮಾತು ಅಂದುಕೊಂಡಿದ್ದೆ. ಕತ್ತರಿಸಿ ಎಸೆದಿದ್ದೆ, ಅಣಕದಿಂದಲೂ, ಪೆಟ್ಟಿಗೆಯಿಂದಲೂ.

"ಹತ್ತು ಎಣಿಸೂದ್ರೊಳಗೆ ಬಂತು ಅಂತ ಬರ್ಲಿಲ್ಲ ಅಂದ್ರೆ?" ಎಂದು ಕೇಳಿದೆ.

"ಇನ್ನೊಂದ್ಸಲ ಕೂಗೂದು. ಮೂರು ಸಲ. ಅಷ್ಟಕ್ಕೂ ಇಲ್ಲ ಅಂದ್ರೆ ಆಚೆಯವಳು ಸತ್ತಿದ್ದಾಳೆ, ಇಲ್ಲ ಮಲಗಿದ್ದಾಳೆ ಅಂತ. ಆಗ ಅಡ್ಡಬದುವಿನವಳನ್ನ ಕರಿಯೂದು, ಅವಳು ಸುತ್ತಿಬಳಸಿ ದಾಟಿಸ್ತಾಳೆ. ಬಂತು ಅಂತ ಕೇಳೂವರೆಗೆ ಗಂಟು ಬಿಚ್ಚೂಕಿಲ್ಲ. ಗಂಟು ಇದ್ದಷ್ಟು ಹೊತ್ತು ಅದು ನನ್ನ ಮಾತು, ನನ್ನ ಭಾರ."

"ಮತ್ತೆ ಆ ತದಿಗೆ ಎಂತಕ್ಕೆ?"

"ಹೋದ ವಾರದ ಮಾತು ಇವತ್ತು ಬಿದ್ರೆ ಗೊತ್ತಾಗೂದು ಹೇಗೆ ಮತ್ತೆ? ತಿಥಿ ಹೇಳ್ದೆ ಕೂಗಿದ್ದನ್ನ ಬೊಮ್ಮಯ್ಯ ಕಿವಿಗೇ ಹಾಕ್ಕೊಳ್ತಿರ್ಲಿಲ್ಲ. ನಿನ್ನ ಪೆಟ್ಟಿಗೆಗೆ ಅಷ್ಟು ಮರ್ಯಾದೆ ಇಲ್ಲ. ಹೇಳ್ತದೆ, ಓಡ್ತದೆ. ಕೇಳಿದವರ ಮುಖ ನೋಡೂದಿಲ್ಲ." ಗಂಟು ಬಿಚ್ಚಿದ ಸೆರಗು ಕೊಡವಿ, "ನಿನ್ನ ಹಾಗೇ," ಎಂದು ಸೇರಿಸಿದಳು. ಅದು ಬೈಗುಳವಾಗಿತ್ತು, ಕಹಿ ಪಾತಿಗೆ ಸಲ್ಲಬೇಕಾದ ಬೈಗುಳ ಅಂತೂ ಸಂದಾಯವಾಯಿತು. ನಾನು ಅದನ್ನು ಇವತ್ತಿನವರೆಗೆ ಯಾರಿಗೂ ಮಾಡಿ ತೋರಿಸಿಲ್ಲ.

ಅಂದಿನಿಂದ ನಾನು ಪೆಟ್ಟಿಗೆಗಳಿಗೆ ಮಂಕಾಳಿಯನ್ನು ಪೂರ್ತಿ ಕಲಿಸಲು ಕೂತೆ. ಪ್ರತಿ ಪ್ಯಾಕೆಟ್ಟಿನ ತಲೆಗೆ ತಿಥಿ, ಆಮೇಲೆ ಯಾರಿಗೆ, ಎಷ್ಟರಲ್ಲಿ ಎಷ್ಟನೆಯದು, ಆಮೇಲೆ ವಿಷಯ, ಎಲ್ಲ ಏಳರೊಳಗೆ. ಕಳುಹಿಸಿದ್ದನ್ನು ಪೆಟ್ಟಿಗೆ ತನ್ನ ಹೊಟ್ಟೆಯಲ್ಲಿ ಗಂಟು ಹಾಕಿ ಇಟ್ಟುಕೊಳ್ಳಬೇಕು. ಮುಂದಿನ ಪೆಟ್ಟಿಗೆ ಬಂತು ಎಂದ ಮೇಲೆಯೇ ಬಿಚ್ಚಬೇಕು. ಹತ್ತು ಎಣಿಸಬೇಕು, ಮೂರು ಸಲ ಕೂಗಬೇಕು, ಆಮೇಲೆ ಅಡ್ಡಬದು. ಹೆಂಗಸರಿಗೂ ಕೇಳಿಸಲೆಂದು ಒಂದೊಂದಕ್ಕೂ ಒಂದು ಪುಟ್ಟ ಪೀಪಿ ಇಟ್ಟೆ: ಕೂಗಿದರೆ ಒಂದು ಸಲ ಪೀಂ, ಆಚೆಯದು ಬಂತು ಎಂದದ್ದು ಕೇಳಿದರೆ ಎರಡು ಸಲ; ಬಿಚ್ಚದೆ ಉಳಿದ ಗಂಟು ಎಷ್ಟೆಂಬುದು ಪರದೆಯಲ್ಲಿ ಕಾಣುವುದು.

ಪೆಟ್ಟಿಗೆಗಳಿಗೆ ಅಂಕಿಯ ಹೆಸರು ಕೊಟ್ಟಿದ್ದೆ. ಅದನ್ನು ಹೆಂಗಸರು ಒಪ್ಪಲಿಲ್ಲ. "ಒಂದನೇ ನಂಬರು, ಎರಡನೇ ನಂಬರು ಅನ್ನೂಕೆ ಇದೆಂತ ಪೋಲೀಸ್ ಠಾಣೆಯಾ?" ಎಂದಳು ದೇವಿ. ಹದಿಮೂರು ಬದುಗಳ ಪೆಟ್ಟಿಗೆಗಳಿಗೆ ಹದಿಮೂರು ಹೆಂಗಸರ ಹೆಸರಾಯಿತು, ಬದುಕಿದ್ದವರದೂ ತೀರಿಕೊಂಡವರದೂ. ಅಡ್ಡಬದುವಿನ ಮೂರಕ್ಕೆ ಅಲ್ಲಿ ಹಿಂದೆ ನಿಲ್ಲುತ್ತಿದ್ದ ಸುಕ್ರಿ, ಅವಳ ತಂಗಿ, ಅವಳ ನಾದಿನಿ. ತಮ್ಮ ಹೆಸರಿನ ಪೆಟ್ಟಿಗೆಯ ಪಕ್ಕದಲ್ಲಿ ಐವರೂ ಕೊಡೆ ಬಿಚ್ಚಿ ಕೂತು, ಅದು ಪೀಂ ಎಂದಾಗ ತಾವೂ ಸೆರಗಿಗೆ ಗಂಟು ಹಾಕಿ, ಅದು ಎರಡು ಸಲ ಪೀಂ ಎಂದಾಗ ಬಿಚ್ಚಿ, ಲೆಕ್ಕ ಸರಿ ಹೋಗುತ್ತದೋ ಎಂದು ಪರೀಕ್ಷಿಸಿದರು. ಒಂಬತ್ತನೆಯ ದಿನ ದೇವಿ ಬದುವಿನ ಮೇಲೆ ಎದ್ದು ನಿಂತು ಕೂಗಿದಳು: "ಲೋಲಾ! ನನ್ನ ಗಂಟು ಮೂರು! ಇದರದ್ದು ಎರಡು!" ಅರೆಗಳಿಗೆ ಬಿಟ್ಟು ಉಳಿದದ್ದನ್ನೂ ಕಳಿಸಿದಳು: "ಯಾರು ಸುಳ್ಳಿ? ಬಂದು ನೋಡು!"

ಹೋಗಿ ನೋಡಿದರೆ ಪೆಟ್ಟಿಗೆಯೇ ಸುಳ್ಳಿ. ಒಂದೇ ಹೊತ್ತಿಗೆ ಎರಡು ಕಡೆಯಿಂದ ಸುದ್ದಿ ಬಂದರೆ ಅದು ಎರಡಕ್ಕೂ ಪೀಂ ಎಂದು, ಒಂದಕ್ಕೆ ಮಾತ್ರ ಗಂಟು ಹಾಕಿ ಇನ್ನೊಂದನ್ನು ನುಂಗುತ್ತಿತ್ತು. ಲ್ಯಾಪ್‌ಟಾಪಿನ ಮುಂದೆ ಇನ್ನೊಂದು ತಿಂಗಳು ಕೂತಿದ್ದರೂ ನನಗೆ ಕಾಣದೆ ಹೋಗುತ್ತಿದ್ದ ತಪ್ಪು ಅದು. ದೇವಿ ಹಿಡಿದದ್ದು ಒಂದು ಸೆರಗು, ಮೂರು ಗಂಟು ಇಟ್ಟುಕೊಂಡು. ತಪ್ಪು ತಿದ್ದಿ ಮುಗಿಯುವವರೆಗೆ ಅವಳು ಪೆಟ್ಟಿಗೆಯ ಬೆನ್ನು ತಟ್ಟುತ್ತ, "ಕಲೀತದೆ, ಕಲೀತದೆ. ನನ್ನ ಹೆಸರಿಟ್ಟುಕೊಂಡ ಮೇಲೆ ಕಲೀದೇ ಎಂತ?" ಎನ್ನುತ್ತಿದ್ದಳು.

ಮೂರನೆಯ ಉಬ್ಬರ, ಎರಡನೆಯ ಹುಣ್ಣಿಮೆ. ಊರಿಗೆ ಊರೇ ಪಾತಿಯ ದಂಡೆಗೆ ಬಂದಿತ್ತು. ಹಮ್ಮಣ್ಣ ಇಸ್ತ್ರಿ ಅಂಗಿ ಹಾಕಿದ್ದ. ಅವನ ಪಕ್ಕದಲ್ಲಿ ಬಿಳಿ ಬೂಟಿನ ಸಿಗಡಿ ಕಂಪನಿಯವನು, ಒಂದು ಕೈಯಲ್ಲಿ ಟೇಪು, ಇನ್ನೊಂದು ಕೈಯಲ್ಲಿ ಕರಾರು ಪತ್ರದ ಫೈಲು. ಗಾಳಿ ಬೆಳಿಗ್ಗೆಯಿಂದಲೇ ಬೀಸುತ್ತಿತ್ತು, ಅಮಾಸೆಯ ದಿನಕ್ಕಿಂತ ಜೋರಾಗಿ. ದೊಡ್ಡಪಾತಿಯ ಕಹಿನೀರನ್ನು ಹೊರಗೆ ಬಿಟ್ಟು ಹೊಸದಾಗಿ ಕಟ್ಟಿದ ಉಪ್ಪು ಬಿಸಿಲಿಗೆ ಹೊಳೆಯುತ್ತಿತ್ತು. ನೀರು ಮತ್ತೆ ಇಪ್ಪತ್ತೆಂಟಕ್ಕೆ ಬಂದು ನಿಂತಿತ್ತು. ಈ ಉಬ್ಬರದಲ್ಲಿ ಮೂರು ಹಲಗೆ ನೀರು ಬಂದರೆ ಉಪ್ಪು ಉಪ್ಪಾಗಿ ಉಳಿಯುತ್ತದೆ. ಬರದಿದ್ದರೆ ಇದೇ ಕೊನೆಯ ಪಾತಿ. ಮಂಕಾಳಿ ದೊಡ್ಡಮ್ಮ ಕಾಲುವೆ ಪಾತಿಗೆ ಸೇರುವಲ್ಲಿ, ಬತ್ತಿದ ಕೆಸರಿನಲ್ಲಿ ಇಳಿದು ನಿಂತಿದ್ದಳು.

ನೆತ್ತಿಯ ಹೊತ್ತಾಯಿತು. ಮಂಕಾಳಿ ಪೆಟ್ಟಿಗೆ ಪೀಂ ಎಂದಿತು. ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ ಮೊದಲ ತುಂಡು ಹೊರಟಿತು: ಹುಣ್ಣಿಮೆ, ಬೊಮ್ಮಯ್ಯಗೆ, ಮೂರರಲ್ಲಿ ಒಂದು, ದೊಡ್ಡಪಾತಿ ಇಪ್ಪತ್ತೆಂಟು. ಪೀಂ ಪೀಂ, ಎಂದಿತು ಪೆಟ್ಟಿಗೆ. ಎರಡನೆಯ ಬದುವಿನವಳಿಗೆ ಬಂತು. ಮೂರಕ್ಕೆ ಬಂತು, ನಾಲ್ಕಕ್ಕೆ ಬಂತು. ಎರಡನೆಯ ತುಂಡು ಅದರ ಬೆನ್ನಿಗೇ ಹೊರಟಿತು, ಮೂರನೆಯದೂ ಹೊರಟಿತು: ಹುಣ್ಣಿಮೆ, ಬೊಮ್ಮಯ್ಯಗೆ, ಮೂರರಲ್ಲಿ ಮೂರು, ಮೂರು ಹಲಗೆ ತೆಗೆ. ಮೊದಲೆರಡು ತುಂಡು ಹದಿಮೂರನೆಯ ಬದು ಮುಟ್ಟಿದವು. ಮೂರನೆಯದು ಆರನೆಯ ಬದುವಿನಲ್ಲಿ ನಿಂತುಬಿಟ್ಟಿತು.

ಆರನೆಯ ಬದು ದೇವಿಯದು. ಅವಳು ಕೊಡೆಯಡಿ ಎದ್ದು ನಿಂತದ್ದು ದೂರದಿಂದ ಕಾಣುತ್ತಿತ್ತು. ಏಳನೆಯ ಬದುವಿನಲ್ಲಿ ಪೆಟ್ಟಿಗೆಯೇ ಕಾಣಲಿಲ್ಲ. ಗರುಡವೊಂದು ಕಂಬದ ಮೇಲೆ ಕೂರಲು ಹೋಗಿ, ಗಾಳಿಯ ಹೊಡೆತಕ್ಕೆ ಅದನ್ನು ಕಂಬ ಸಮೇತ ಕೆಸರಿಗೆ ಉರುಳಿಸಿತ್ತು. ಅದು ಗೊತ್ತಾದದ್ದು ಆಮೇಲೆ. ದೇವಿ ಪೆಟ್ಟಿಗೆ ಹತ್ತು ಎಣಿಸಿತು. ಉತ್ತರವಿಲ್ಲ. ಇನ್ನೊಮ್ಮೆ ಕೂಗಿತು. ಉತ್ತರವಿಲ್ಲ.

"ನಿಂತಿತು," ಎಂದ ಸಿಗಡಿಯವನು, ನನ್ನ ಪರದೆಗೆ ಇಣುಕಿ. ಹಮ್ಮಣ್ಣ ಗಂಟಲು ಕೆರೆದುಕೊಳ್ಳುವುದನ್ನೂ ಮರೆತಿದ್ದ. ಅವನ ಮೂರನೆಯ ಬೆರಳು ಅರ್ಧ ಮಡಿಸಿತ್ತು.

"ನಿಂತಿಲ್ಲ. ಎಣಿಸ್ತಾ ಇದೆ," ಎಂದೆ. ಅಷ್ಟು ಧೈರ್ಯ ನನ್ನೊಳಗಿರಲಿಲ್ಲ, ದನಿಯಲ್ಲಿತ್ತು, ದನಿ ಮಂಕಾಳಿಯದು.

ಮೂರನೆಯ ಸಲ ಕೂಗಿತು. ನಾನೂ ಹತ್ತು ಎಣಿಸಿದೆ, ತುಟಿ ಅಲುಗಿಸುತ್ತ. ಸುತ್ತ ಇದ್ದವರೂ ಎಣಿಸುತ್ತಿದ್ದರು. ಹತ್ತಾಯಿತು. ಪರದೆಯ ಮೇಲೆ ಆ ತುಂಡಿನ ದಾರಿ ಎಡಕ್ಕೆ ಹೊರಳಿತು. ಅಡ್ಡಬದುವಿನ ತುದಿಯಿಂದ, ನಾಲ್ಕು ವರ್ಷದ ಹಿಂದೆ ತೀರಿಕೊಂಡ ಸುಕ್ರಿಯ ಹೆಸರಿನ ಪೆಟ್ಟಿಗೆ ದೇವಿಗೆ ಬಂತು ಎಂದಿತು. ಅವಳ ತಂಗಿ ಬಂತು ಎಂದಳು. ಅವಳ ನಾದಿನಿ ಬಂತು ಎಂದಳು. ನಾದಿನಿಯಿಂದ ಎಂಟನೆಯ ಬದುವಿಗೆ ಇಳಿದ ಸುದ್ದಿ ಒಂಬತ್ತು, ಹತ್ತು, ಹನ್ನೊಂದು ಎಂದು ಓಡಿತು. ಪರದೆಯ ಕೊನೆಯ ಚೌಕ ಹಸಿರಾಯಿತು. ಬಾಗಿಲಿನಿಂದ ಮರುಸುದ್ದಿ ಹೊರಟು, ಅದೇ ಸುತ್ತುದಾರಿಯಲ್ಲಿ ಬದುವಿನಿಂದ ಬದುವಿಗೆ ಬಂದು, ಮಂಕಾಳಿ ಪೆಟ್ಟಿಗೆಯಲ್ಲಿ ಎರಡು ಸಲ ಪೀಂ ಎಂದಿತು: ಹುಣ್ಣಿಮೆ, ಮಂಕಾಳಿಗೆ, ಮೂರೂ ಬಂತು, ಹಲಗೆ ತೆಗೆದೆ.

ಯಾರೂ ಕೂಗಲಿಲ್ಲ. ಪೆಟ್ಟಿಗೆ ಹೇಳಿದ್ದನ್ನು ನಮ್ಮೂರಿನವರು ಒಂದು ಸಲ ನಂಬಿ ಕೆಟ್ಟಿದ್ದರು. ಎಲ್ಲರ ಕಣ್ಣೂ ಕಾಲುವೆಯ ಮೇಲಿತ್ತು. ಎಷ್ಟೋ ಹೊತ್ತಾದ ಮೇಲೆ ಕೆಸರಿನ ಏಡಿಗಳು ಬಿಲ ಬಿಟ್ಟು ಓಡತೊಡಗಿದವು. ಆಮೇಲೆ ನೊರೆ. ಆಮೇಲೆ ನೀರು ಮಂಕಾಳಿ ದೊಡ್ಡಮ್ಮನ ಹಿಮ್ಮಡಿ ಮುಟ್ಟಿತು, ಮೀನಖಂಡಕ್ಕೆ ಏರಿತು. ಮೂರು ಹಲಗೆಯ ನೀರು, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆ ಇಲ್ಲ. ಅವಳು ಬಗ್ಗಿ ಒಂದು ಬೊಗಸೆ ಎತ್ತಿ ಮುಖಕ್ಕೆ ಎರಚಿಕೊಂಡಳು. ಆಗ ದಂಡೆ ಬಾಯಿ ಬಿಟ್ಟಿತು. ಏಳು ಮಾತಿನ ಲೆಕ್ಕ ಯಾರಿಗೂ ನೆನಪಿರಲಿಲ್ಲ. ಆ ದಿನ ಚೆಲ್ಲಿಹೋದ ಸಂತೋಷ ಎಷ್ಟು ದಿನ ಯಾರ್ಯಾರ ಹಿತ್ತಿಲಿನಲ್ಲಿ ಉದುರಿತೋ.

ಹಮ್ಮಣ್ಣ ಮಡಿಸಿದ್ದ ಬೆರಳುಗಳನ್ನೆಲ್ಲ ಬಿಚ್ಚಿ, ಆ ಕೈಯಲ್ಲೇ ಸಿಗಡಿಯವನ ಟೇಪು ಹಿಡಿದುಕೊಂಡು, ತಾನೇ ಸುತ್ತಿಕೊಟ್ಟ. "ಅಂದ್ರೆ ಎಂತ ಅಂದ್ರೆ," ಎಂದ, "ಉಪ್ಪು."

ಸಿಗಡಿಯವನು ಒಳ್ಳೆಯ ಮನುಷ್ಯ. ಫೈಲನ್ನು ಕಂಕುಳಿಗೆ ಸೇರಿಸಿ, ಬಿಳಿ ಬೂಟಿನ ಕೆಸರು ಒರೆಸಿಕೊಂಡು ನನ್ನ ಹತ್ತಿರ ಬಂದು, ನಲವತ್ತು ಮೈಲಿ ಆಚೆ ತಮ್ಮ ಕಂಪನಿಯ ಹೊಂಡಗಳಿವೆ, ಅಲ್ಲೂ ಪೆಟ್ಟಿಗೆಗಳಿವೆ, ಅವೂ ಒಂದರ ಮಾತು ಇನ್ನೊಂದು ಕೇಳುವುದಿಲ್ಲ, ಇದೇ ಪ್ರೋಗ್ರಾಮನ್ನು ತಮಗೂ ಹಾಕಿಕೊಡಬಹುದೇ ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಂಕಾಳಿ ದೊಡ್ಡಮ್ಮ ಕಾಲುವೆಯಿಂದ ಹತ್ತಿ ಬಂದಳು, ಸೀರೆಯಿಂದ ನೀರು ಸೋರುತ್ತಿತ್ತು.

"ಪ್ರೋಗ್ರಾಮು ಆಮೇಲೆ. ಮೊದ್ಲು ನಿಮ್ಮಲ್ಲಿ ಇಬ್ಬರನ್ನ ಇಲ್ಲಿಗೆ ಕಳಿಸಿ. ಒಂದು ತಿಂಗಳು ಬದುವಿನ ಮೇಲೆ ನಿಲ್ಲಲಿ. ನಿಲ್ಲೂದು ಕಲೀಲಿ."

"ಕಲಿಸೋರು ಯಾರಮ್ಮ, ನೀವಾ?" ಎಂದ ಅವನು, ವಿನಯದಿಂದಲೇ.

"ನನ್ನ ಗಂಟಲು ಹೋಯ್ತು. ಇವಳು ಕಲಿಸ್ತಾಳೆ," ಎಂದು ಒದ್ದೆ ಕೈಯನ್ನು ನನ್ನ ಭುಜದ ಮೇಲಿಟ್ಟಳು. "ನಮ್ಮ ಸಾಲಿನವಳು. ಹದಿನಾಲ್ಕನೆಯವಳು."

ಕಾಲೇಜಿನಲ್ಲಿ ವಿನಯ ಐಚ್ಛಿಕ ವಿಷಯವಾಗಿತ್ತು, ನಾನು ತೆಗೆದುಕೊಂಡಿರಲಿಲ್ಲ. ಹೌದು, ನಾನೇ, ಎಂದೆ. ಆಮೇಲೆ ಬದುವಿನ ಮೇಲೆ ಹತ್ತಿ ನಿಂತು, ದೇವಿಗೂ ತಿಳಿಯಲಿ ಎಂದು, ಅದನ್ನೇ ನನ್ನ ಸ್ವಂತ ದನಿಯಲ್ಲಿ ಇನ್ನೊಂದು ಸಲ ಕೂಗಿದೆ.